ಕಾವೇರಿಯ ಗೂನುಬೆನ್ನಿನ ಮಹಶೀರ್

ಕಾಡಿನ ಮರಗಳನ್ನು ಎಣಿಸಬಹುದು. ಊರಿನ ದನಕರುಗಳನ್ನು ಎಣಿಸಬಹುದು. ಆನೆ ಹುಲಿಗಳನ್ನು ಕೂಡ ಒಂದು ಕ್ರಮವನ್ನು ಅನುಸರಿಸಿ ಎಣಿಸುವುದುಂಟು. ಆದರೆ ಹರಿಯುವ ಹೊಳೆಯ ಮೀನುಗಳನ್ನು ಎಣಿಸುವುದು ಹೇಗೆ? ನೀರು ಕಲಕಿದೆ, ಮಡುವು ಆಳವಾಗಿದೆ, ಮೀನು ಒಂದೆಡೆ ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ಈ ಪ್ರಜೆಗಳ ಜನಗಣತಿಯನ್ನು ಮಾಡಿ, ಅವು ಹೆಚ್ಚುತ್ತಿವೆಯೋ ಕುಗ್ಗುತ್ತಿವೆಯೋ ಎಂದು ಹೇಳುವುದೇ ಮತ್ಸ್ಯವಿಜ್ಞಾನಿಯ ಮೊದಲ ಕೆಲಸ. ಅದು ತಪ್ಪಿದರೆ ಮುಂದಿನ ಉಪಾಯಗಳೆಲ್ಲವೂ ತಪ್ಪುತ್ತವೆ. ಒಳ್ಳೆಯದನ್ನು ಮಾಡಲು ಹೋಗಿ ಕೇಡು ಸಂಭವಿಸುವುದೂ ಉಂಟು. ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕಾವೇರಿಯಲ್ಲಿಯೇ ಅದು ದೊರೆಯುತ್ತದೆ.

ಗೆಂಡೆ ಕುಲದ ಭೀಮ

ಗೆಂಡೆ ಮೀನುಗಳ ಕುಟುಂಬಕ್ಕೆ ಸೇರಿದ ಮಹಶೀರನ್ನು ಕಾವೇರಿಯ ತೀರದವರು ಬಿಳಿಮೀನು ಎಂದು ಕರೆಯುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ಗುಂಪುಗೂಡುವ ದೇವರ ಮೀನುಗಳನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಅವೂ ಈ ಬಳಗದವೇ. ಅಗಲವಾದ ದೊಡ್ಡ ಹುರುಪೆಗಳು, ದಪ್ಪ ತುಟಿಗಳು, ಬಾಯಿಯ ಅಂಚಿನಲ್ಲಿ ಎರಡು ಜೊತೆ ಮೀಸೆಗಳು, ಇವು ಅದರ ಗುರುತುಗಳು. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿ ಉಂಟು. ಏಡಿಯ ಚಿಪ್ಪನ್ನಾಗಲಿ, ದಡದ ಮರದಿಂದ ಉದುರಿದ ಕಾಯನ್ನಾಗಲಿ ಆ ಗಂಟಲ ಹಲ್ಲುಗಳಿಂದಲೇ ಅದು ಅರೆಯುತ್ತದೆ. ಆಮ್ಲಜನಕ ತುಂಬಿದ, ರಭಸವಾಗಿ ಹರಿಯುವ ತಿಳಿನೀರು ಅದಕ್ಕೆ ಪ್ರಿಯ.

ಕಾವೇರಿ ಮತ್ತು ಅದರ ಉಪನದಿಗಳಿಗೆ ಮಾತ್ರ ಸೇರಿದ ಒಂದು ಮಹಶೀರ್ ಉಂಟು. ತಲೆಯ ಹಿಂದೆ ಬೆನ್ನು ಗೂನಿನಂತೆ ಎದ್ದಿರುತ್ತದೆ. ಈಜುರೆಕ್ಕೆಗಳು ಕಿತ್ತಳೆ ಬಣ್ಣದವು. ಇದು ಮಹಶೀರ್‌ಗಳಲ್ಲೆಲ್ಲ ಅತಿ ದೊಡ್ಡ ಗಾತ್ರಕ್ಕೆ ಬೆಳೆಯುವ ಮೀನುಗಳಲ್ಲೊಂದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬಾತನು 1873ರಲ್ಲಿ ಪ್ರಕಟಿಸಿದ ಗಾಳದ ಬೇಟೆಯ ಗ್ರಂಥದಿಂದ ಇದರ ಕೀರ್ತಿ ಕಡಲಾಚೆಗೂ ಹಬ್ಬಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿ ಹೊಳೆಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಹೈಸ್ಕೂಲಿನ ಒಬ್ಬ ಹುಡುಗನ ತೂಕವೇ ಅಷ್ಟಿರುತ್ತದೆ!

ಕಷ್ಟಗಳು, ಅವಕ್ಕೆ ಹುಡುಕಿದ ಮದ್ದು

ಇಂಥ ಮೀನಿಗೆ ಕಳೆದ ಶತಮಾನದಲ್ಲಿ ಕಷ್ಟಗಳು ಒಂದರ ಮೇಲೊಂದು ಬಂದುವು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಮೊದಲಾಯಿತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು. ಮುಂದೆ ಕಬಿನಿ, ಹಾರಂಗಿ, ಹೇಮಾವತಿಗಳಿಗೂ ಕಟ್ಟೆಗಳಾದುವು. ಹೊಲಗಳಿಗೆ ನೀರು ಬಂದಿತು, ಮನೆಗಳಿಗೆ ದೀಪ ಬಂದಿತು. ಇವು ನಮಗೆ ಬೇಕಾದುವೇ. ಆದರೆ ಮಳೆಗಾಲದಲ್ಲಿ ಪ್ರವಾಹಕ್ಕೆದುರಾಗಿ ಏರಿ, ಗರಸುನೆಲವನ್ನು ಹುಡುಕಿ ತತ್ತಿಯಿಡುವ ಜಾತಿಯ ಮೀನಿಗೆ ಕಟ್ಟೆಯೆಂಬುದು ದಾಟಲಾಗದ ಗೋಡೆ. ಇದರೊಡನೆ ಮರಳು ತೆಗೆಯುವುದು, ಕೊಳೆನೀರು ಬಂದು ಸೇರುವುದು, ಸಿಡಿಮದ್ದನ್ನು ಸಿಡಿಸಿ ಮೀನು ಹಿಡಿಯುವುದು, ಇವೆಲ್ಲ ಕೂಡಿಕೊಂಡುವು. ಸಿಡಿಮದ್ದು ದೊಡ್ಡ ಮೀನನ್ನು ಮಾತ್ರವಲ್ಲದೆ ಆ ಮಡುವಿನ ಮರಿಗಳನ್ನೆಲ್ಲ ಒಂದೇ ಏಟಿಗೆ ಕೊಲ್ಲುತ್ತದೆ.

ಮೀನು ಕಡಮೆಯಾಗುತ್ತಿರುವುದನ್ನು ಕಂಡು ಕಳವಳಗೊಂಡವರು ಎರಡು ಉಪಾಯಗಳನ್ನು ಕೈಗೊಂಡರು. ಮೊದಲನೆಯದು ಕಾವಲು. ನದಿಯ ಕೆಲವು ಭಾಗಗಳನ್ನು ವನ್ಯಜೀವಿಪ್ರಿಯರ ಸಂಘದವರು ಗುತ್ತಿಗೆಗೆ ಪಡೆದು, ಕಳ್ಳಬೇಟೆಯನ್ನು ತಡೆದರು. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರಿಗೇ ಅಲ್ಲಿ ಮಾರ್ಗದರ್ಶಕರ ಕೆಲಸ ದೊರೆಯಿತು. ದೂರದೇಶಗಳಿಂದ ಗಾಳದ ಆಟಕ್ಕೆ ಬರುವವರು ಹಣ ತೆತ್ತು, ಹರಿಗೋಲಿನಲ್ಲಿ ಕುಳಿತು, ರಾಗಿಯ ಮುದ್ದೆಯನ್ನು ಗಾಳಕ್ಕೆ ಸಿಕ್ಕಿಸಿ ಮಹಶೀರನ್ನು ಹಿಡಿಯುತ್ತಿದ್ದರು. ತೂಕ ನೋಡಿದ ಮೇಲೆ ಜೀವಸಹಿತ ನೀರಿಗೇ ಬಿಡಬೇಕೆಂಬುದು ಕಟ್ಟುನಿಟ್ಟಾದ ನಿಯಮ.

ಎರಡನೆಯ ಉಪಾಯ, ಮರಿಗಳನ್ನು ತಂದು ಬಿಡುವುದು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಮಹಶೀರಿನ ತತ್ತಿಗಳನ್ನು ಕೃತಕವಾಗಿ ಫಲಗೊಳಿಸಿ ಮರಿಮಾಡಿಸುವ ವಿಧಾನವನ್ನು ಸಾಧಿಸಿದ್ದರು. ಇದು ಸಣ್ಣ ಸಾಧನೆಯಲ್ಲ. ಅಲ್ಲಿಂದ ಬಂದ ಮರಿಗಳನ್ನು 1970ರ ದಶಕದಿಂದಾಚೆಗೆ ಕಾವೇರಿಗೂ ಬಿಡಲಾಯಿತು. ಆದರೆ ಲೋನಾವಳದ ಮೀನು ಕೃಷ್ಣಾ ನದಿಯ ಬಳಗದ್ದು. ಅದರ ಈಜುರೆಕ್ಕೆಗಳು ನೀಲಿಯ ಛಾಯೆಯವು. ವಿಜ್ಞಾನಿಗಳು ಅದನ್ನು ಟಾರ್ ಖುದ್ರೀ ಎಂದು ಕರೆಯುತ್ತಾರೆ. ಮಹಶೀರೆಂದರೆ ಎಲ್ಲವೂ ಒಂದೇ ಎಂಬ ಎಣಿಕೆಯಿದ್ದ ಕಾಲದಲ್ಲಿ ಈ ಭೇದವು ದೊಡ್ಡದಾಗಿ ತೋರಲಿಲ್ಲ.

ಲೆಕ್ಕದ ಪುಸ್ತಕ

ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾನಿಲಯದ ಮತ್ಸ್ಯವಿಜ್ಞಾನಿ ಏಡ್ರಿಯನ್ ಪಿಂಡರ್ ಕಾವೇರಿಗೆ ಬಂದಾಗ ಅವರಿಗೆ ಒಂದು ನಿಧಿ ದೊರೆಯಿತು. ಸಂಗಮದ ಸಮೀಪದ ಗಾಳಿಬೋರೆ ಶಿಬಿರದಲ್ಲಿ, ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ಒಂದೊಂದರ ತೂಕವೆಷ್ಟು ಎಂಬುದನ್ನು 1998ರಿಂದ 2012ರವರೆಗೆ ಬರೆದಿಟ್ಟಿದ್ದರು. ಒಟ್ಟು 23,620 ಗಂಟೆಗಳ ಶ್ರಮ. ಸಿಕ್ಕಿದ ಮಹಶೀರ್‌ಗಳು 6,161. ಅತಿ ದೊಡ್ಡದರ ತೂಕ 104 ಪೌಂಡು. ಪಿಂಡರ್, ಅವರ ಸಹೋದ್ಯೋಗಿ ರಾಬರ್ಟ್ ಬ್ರಿಟನ್, ಕೊಚ್ಚಿಯ ವಿಜ್ಞಾನಿ ರಾಜೀವ್ ರಾಘವನ್, ಈ ಮೂವರು ಆ ಅಂಕಿಗಳನ್ನು ಶೋಧಿಸಲು ಕುಳಿತರು.

ಒಂದು ದಿನ ಹತ್ತು ಮೀನು, ಮರುದಿನ ಐದು ಮೀನು ಸಿಕ್ಕಿದರೆ ಮೀನು ಅರ್ಧಕ್ಕಿಳಿಯಿತೆಂದು ಹೇಳಬಹುದೆ? ಹೇಳಲಾಗದು. ಮೊದಲ ದಿನ ಹತ್ತು ಮಂದಿ, ಮರುದಿನ ಐದು ಮಂದಿ ಗಾಳ ಹಾಕಿದ್ದಿರಬಹುದು. ಆದುದರಿಂದ ಹಿಡಿದ ಮೀನಿನ ಸಂಖ್ಯೆಯನ್ನು ಪಟ್ಟ ಶ್ರಮದಿಂದ ಭಾಗಿಸಬೇಕು. ಗಂಟೆಯೊಂದಕ್ಕೆ ಎಷ್ಟು ಮೀನು ಎಂಬ ಈ ಭಾಗಲಬ್ಧವು, ಹಿಡಿಯುವ ವಿಧಾನ ಬದಲಾಗದಿದ್ದಲ್ಲಿ, ನೀರಿನೊಳಗಿನ ಮೀನಿನ ಸಂಖ್ಯೆಯೊಡನೆ ಏರಿ ಇಳಿಯುತ್ತದೆ. ಗಾಳಿಬೋರೆಯ ಲೆಕ್ಕದಲ್ಲಿ ಸರಾಸರಿ ಸುಮಾರು ನಾಲ್ಕು ಗಂಟೆಗೆ ಒಂದು ಮೀನು. ಅಷ್ಟು ಮಾತ್ರವಲ್ಲ, ವರ್ಷಗಳು ಕಳೆದಂತೆ ಗಂಟೆಯ ಗಳಿಕೆ ಏರುತ್ತ ಬಂದಿತ್ತು, ಮೀನುಗಳ ಸರಾಸರಿ ತೂಕ ಇಳಿಯುತ್ತ ಬಂದಿತ್ತು. ಎಂದರೆ ಚಿಕ್ಕ ಮೀನುಗಳು ಹೇರಳವಾಗಿ ಸೇರುತ್ತಿವೆ; ಕಾವಲು ಫಲಿಸಿದೆ! ಇಲ್ಲಿಯೇ ನಿಲ್ಲಿಸಿದ್ದರೆ ಎಲ್ಲರೂ ಸಂತೋಷದಿಂದ ಮನೆಗೆ ಹೋಗಬಹುದಾಗಿತ್ತು.

ಅವರು ನಿಲ್ಲಿಸಲಿಲ್ಲ. ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮೀನೆಷ್ಟು, ನೀಲಿರೆಕ್ಕೆಯ ಮೀನೆಷ್ಟು ಎಂದು ಬೇರ್ಪಡಿಸಿ ನೋಡಿದರು. ಒಡನೆಯೇ ಕಥೆ ತಲೆಕೆಳಗಾಯಿತು. ಏರಿದ್ದು ನೀಲಿರೆಕ್ಕೆಯ ಸಂಖ್ಯೆ. ಗೂನುಬೆನ್ನಿನ ಮೀನು ಸಿಕ್ಕುವುದು ಕುಗ್ಗುತ್ತಲೇ ಹೋಗಿತ್ತು.

ಒಟ್ಟು ಲೆಕ್ಕ ನಮ್ಮನ್ನು ಹೇಗೆ ಮೋಸಗೊಳಿಸುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಒಂದು ವರ್ಷ ನೂರು ಗಂಟೆಗಳಲ್ಲಿ ಗೂನುಬೆನ್ನಿನವು 10, ನೀಲಿರೆಕ್ಕೆಯವು 10, ಒಟ್ಟು 20 ಮೀನು ಸಿಕ್ಕಿತೆನ್ನೋಣ. ಕೆಲವು ವರ್ಷಗಳ ಮೇಲೆ ಅದೇ ನೂರು ಗಂಟೆಗಳಲ್ಲಿ ಗೂನುಬೆನ್ನಿನವು 2, ನೀಲಿರೆಕ್ಕೆಯವು 28, ಒಟ್ಟು 30. ಒಟ್ಟಿನಲ್ಲಿ ಒಂದೂವರೆ ಪಾಲಾಯಿತು. ಆದರೆ ಒಂದು ಜಾತಿ ಐದನೆಯ ಒಂದಂಶಕ್ಕೆ ಇಳಿಯಿತು. ‘ಮಹಶೀರ್’ ಎಂಬ ಒಂದೇ ಅಂಕಣದಲ್ಲಿ ಬರೆದರೆ ಈ ನಷ್ಟ ಕಾಣುವುದೇ ಇಲ್ಲ.

ಇನ್ನೊಂದು ಸುಳಿವು ಮತ್ತಷ್ಟು ಭಯಂಕರವಾದದ್ದು. ಸಿಕ್ಕಿದ ಕೆಲವೇ ಗೂನುಬೆನ್ನಿನ ಮೀನುಗಳ ಸರಾಸರಿ ತೂಕವು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ತೂಕ ಏರುವುದು ಒಳ್ಳೆಯದಲ್ಲವೆ ಎಂದು ವಾಚಕರು ಕೇಳಬಹುದು. ಒಂದು ಶಾಲೆಯನ್ನು ನೆನೆದುಕೊಳ್ಳಿರಿ. ಒಂದನೆಯ ತರಗತಿಗೆ ಹೊಸ ಮಕ್ಕಳು ಬರುವುದು ನಿಂತುಹೋದರೆ ಶಾಲೆಯ ಮಕ್ಕಳ ಸರಾಸರಿ ವಯಸ್ಸು ವರ್ಷವರ್ಷವೂ ಏರುತ್ತದೆ. ಕೊನೆಗೆ ಹಿರಿಯ ತರಗತಿಯೊಂದೇ ಉಳಿಯುತ್ತದೆ. ಅದೂ ತೇರ್ಗಡೆಯಾಗಿ ಹೊರಟರೆ ಶಾಲೆಯ ಬಾಗಿಲು ಮುಚ್ಚುತ್ತದೆ. ಗಾಳಿಬೋರೆಯಲ್ಲಿ ಆದದ್ದು ಇದೇ. ಮುದಿ ಮೀನುಗಳು ಉಳಿದಿದ್ದುವು. ಮರಿಗಳು ಬೆಳೆದು ಬಂದು ಸೇರುತ್ತಿರಲಿಲ್ಲ. ಸಂತತಿಯು ನಶಿಸುವ ಮೊದಲು ಕೊಡುವ ಎಚ್ಚರಿಕೆ ಇದು.

ನೀಲಿರೆಕ್ಕೆಯ ಮೀನೇ ಇದಕ್ಕೆ ಕಾರಣವೆ? ಒಂದು ಏರುವಾಗ ಇನ್ನೊಂದು ಇಳಿಯಿತೆಂಬುದಷ್ಟರಿಂದಲೇ ಒಂದನ್ನು ಅಪರಾಧಿಯೆಂದು ತೀರ್ಮಾನಿಸುವುದು ವಿಜ್ಞಾನದ ಮಾರ್ಗವಲ್ಲ. ಅನ್ನಕ್ಕೂ ತತ್ತಿಯಿಡುವ ಜಾಗಕ್ಕೂ ಪೈಪೋಟಿ ನಡೆದಿರಬಹುದು. ಎರಡು ಜಾತಿಗಳು ಬೆರೆತು ಮೂಲದ ಗುಣ ಕೆಟ್ಟಿರಬಹುದು. ಕಟ್ಟೆ, ಮರಳು, ಕೊಳೆಗಳಿಂದ ಮೊದಲೇ ನೊಂದ ಹೊಳೆಯಲ್ಲಿ ಹೊರಗಿನ ಮೀನು ಸುಲಭವಾಗಿ ನೆಲೆಯೂರಿರಬಹುದು. ಒಂದು ಮಾತು ಮಾತ್ರ ನಿಶ್ಚಯ: ಹೊರಗಿನ ಮರಿಗಳನ್ನು ಬಿಟ್ಟುದರಿಂದ ಸ್ಥಳೀಯ ಮೀನು ಉಳಿಯಲಿಲ್ಲ; ಅದು ಉಳಿಯುತ್ತಿಲ್ಲವೆಂಬ ಸಂಗತಿಯೂ ಬಹುಕಾಲ ಮರೆಯಾಗಿ ನಿಂತಿತು.

ಹೆಸರಿಲ್ಲದ ಮೀನು

ಇಷ್ಟು ತಿಳಿದ ಮೇಲೆ ಮೀನನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಷ್ಟೆ ಎಂದು ತೋರಬಹುದು. ಆದರೆ ಅಲ್ಲೊಂದು ವಿಚಿತ್ರವಾದ ಅಡ್ಡಿಯಿತ್ತು. ಒಂದೂವರೆ ಶತಮಾನದಷ್ಟು ಕಾಲ ಪ್ರಸಿದ್ಧವಾಗಿದ್ದ ಈ ಮೀನಿಗೆ ಖಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ! ಹಿಂದೆ ಕೆಲವರು ಅದಕ್ಕೆ ‘ಮುಸ್ಸುಲ್ಲಾ’ ಎಂಬ ಹೆಸರನ್ನು ಹಚ್ಚಿದ್ದರು. ವಿಚಾರಿಸಿದಾಗ ಆ ಹೆಸರು ಬೇರೊಂದು ಮೀನಿಗೆ ಸೇರಿದ್ದೆಂದು ತಿಳಿಯಿತು. ಹೆಸರಿಲ್ಲದ ಮನುಷ್ಯನಿಗೆ ರೇಷನ್ ಚೀಟಿ ದೊರೆಯದಂತೆ, ಹೆಸರಿಲ್ಲದ ಪ್ರಾಣಿಗೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸ್ಥಾನವಿಲ್ಲ. ಪಟ್ಟಿಯಲ್ಲಿ ಸ್ಥಾನವಿಲ್ಲದಿದ್ದರೆ ರಕ್ಷಣೆಗೆ ಹಣವನ್ನು ಕೇಳುವುದೂ ಕಷ್ಟ.

ವಿಜ್ಞಾನಿಗಳು ಮಾದರಿಗಳನ್ನು ಹುಡುಕುತ್ತ ಮೋಯಾರ್ ನದಿಗೆ ಹೋದರು. ಬಂಡೀಪುರ ಮುದುಮಲೆಗಳ ಕಾಡಿನ ನಡುವೆ ಆಳವಾದ ಕಮರಿಯಲ್ಲಿ ಹರಿದು, ಭವಾನಿಯ ಮೂಲಕ ಕಾವೇರಿಯನ್ನು ಸೇರುವ ನದಿಯಿದು. ಅಲ್ಲಿ ಗೂನುಬೆನ್ನಿನ ಮಹಶೀರ್ ಇನ್ನೂ ಉಳಿದಿತ್ತು. ಅದರ ದೇಹದ ಅಳತೆಗಳನ್ನೂ ವಂಶವಾಹಿಗಳ ಅನುಕ್ರಮವನ್ನೂ ಪರೀಕ್ಷಿಸಿದಾಗ, ಅದು ಕೇರಳದ ಪಾಂಬಾರ್ ಎಂಬ ಹೊಳೆಯಿಂದ ಕೆಲವು ವರ್ಷ ಹಿಂದೆಯೇ ವರ್ಣಿತವಾಗಿದ್ದ ‘ಟಾರ್ ರೇಮಾದೇವಿ’ ಎಂಬ ಜಾತಿಗೆ ಹೊಂದಿಕೊಂಡಿತು. ಪಾಂಬಾರಿನ ನೀರೂ ಅಮರಾವತಿಯ ಮೂಲಕ ಕಾವೇರಿಗೇ ಬರುತ್ತದೆ. ಆದುದರಿಂದ ಹೊಂದಿಕೆ ಸಹಜವೇ. ಈ ನಿರ್ಣಯ ಪ್ರಕಟವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಮೀನು ಸೇರಿತು. ಅದೂ ‘ಅತ್ಯಂತ ಅಪಾಯದಲ್ಲಿರುವುದು’ ಎಂಬ ವರ್ಗದಲ್ಲಿ. ಈ ವರ್ಗದ ಮುಂದಿನ ಮೆಟ್ಟಿಲು ಕಾಡಿನಿಂದಲೂ ಹೊಳೆಯಿಂದಲೂ ಕಣ್ಮರೆಯಾಗುವುದೇ.

ನಾವು ಕಲಿಯಬೇಕಾದುದೇನು?

ಮೊದಲನೆಯದು, ಮರಿಗಳನ್ನು ಬಿಡುವುದೆಂದರೆ ಸಸಿಗಳನ್ನು ನೆಟ್ಟಂತೆ ಸರಳವಲ್ಲ. ಒಂದು ನದಿಯ ಮೀನು ಸಾವಿರಾರು ವರ್ಷ ಆ ನದಿಯ ಪ್ರವಾಹ, ಕಾವು, ಆಹಾರಗಳಿಗೆ ಒಗ್ಗಿದ್ದು. ಮರಿಗಳನ್ನು ಬಿಡಲೇಬೇಕಾದರೆ ಅವು ಅದೇ ನದಿಯ ತಾಯಿತಂದೆಗಳಿಂದ ಹುಟ್ಟಿದವಾಗಿರಬೇಕು. ಆ ತಾಯಿತಂದೆಗಳೂ ನಾಲ್ಕಾರು ಮಾತ್ರವೇ ಇರಬಾರದು, ಇದ್ದರೆ ಒಂದೇ ಮನೆಯ ರಕ್ತ ಹರಡಿ ಸಂತತಿ ದುರ್ಬಲವಾಗುತ್ತದೆ.

ಎರಡನೆಯದು, ಮರಿಗಿಂತ ಮೊದಲು ಮನೆಯನ್ನು ನೋಡಬೇಕು. ತತ್ತಿಯಿಡುವ ಗರಸುನೆಲವಿಲ್ಲದೆ, ಬೇಸಗೆಯಲ್ಲಿ ಆಶ್ರಯ ನೀಡುವ ಆಳವಾದ ಮಡುವಿಲ್ಲದೆ ಎಷ್ಟು ಲಕ್ಷ ಮರಿಗಳನ್ನು ಬಿಟ್ಟರೂ ಪ್ರಯೋಜನವಿಲ್ಲ.

ಮೂರನೆಯದು ಲೆಕ್ಕದ ವಿಷಯ. 2012ರಲ್ಲಿ ಕಾವೇರಿ ವನ್ಯಜೀವಿಧಾಮದೊಳಗಿನ ಗಾಳದ ಆಟ ನಿಂತಿತು. ವನ್ಯಜೀವಿಧಾಮದಲ್ಲಿ ಯಾವ ಪ್ರಾಣಿಯನ್ನೂ ಹಿಡಿಯಲಾಗದೆಂಬ ನಿಯಮವು ಮೀನಿಗೂ ಅನ್ವಯಿಸುವುದೆಂದು ನಿರ್ಣಯವಾದದ್ದೇ ಇದಕ್ಕೆ ಕಾರಣ. ನ್ಯಾಯದ ದೃಷ್ಟಿಯಿಂದ ಅದು ಒಪ್ಪತಕ್ಕ ಮಾತು. ಆದರೆ ಆಟದೊಡನೆ ಪುಸ್ತಕದ ಬರವಣಿಗೆಯೂ ನಿಂತಿತೆಂಬುದನ್ನು ನಾವು ಮರೆಯಬಾರದು. ಬೇಟೆಗಾರನಿಲ್ಲದೆ ಎಣಿಸುವ ದಾರಿಗಳು ಇಂದು ಇಲ್ಲದಿಲ್ಲ. ಮೀನಿನ ಮೈಯಿಂದ ಉದುರಿದ ಕಣಗಳಲ್ಲಿರುವ ವಂಶವಾಹಿಯನ್ನು ಒಂದು ಸೀಸೆ ಹೊಳೆನೀರಿನಲ್ಲಿ ಹುಡುಕಿ, ಯಾವ ಜಾತಿ ಅಲ್ಲಿದೆಯೆಂದು ಹೇಳಬಹುದು. ಆದರೆ ಅದನ್ನು ವರ್ಷವರ್ಷವೂ ಬಿಡದೆ ಮಾಡುವವರು ಬೇಕು.

ಗಾಳಿಬೋರೆಯಲ್ಲಿ ಸಂಜೆ ಹರಿಗೋಲಿನಿಂದ ಇಳಿದು ಬಂದವರ ಗಂಟೆಗಳನ್ನೂ ಮೀನಿನ ತೂಕವನ್ನೂ ಬರೆಯುತ್ತಿದ್ದವರು ವಿಜ್ಞಾನಿಗಳಾಗಿರಲಿಲ್ಲ. ತಮ್ಮ ಬರವಣಿಗೆ ಒಂದು ಜಾತಿಯ ಅಳಿವಿಗೆ ಸಾಕ್ಷಿ ನುಡಿಯುವುದೆಂದು ಅವರು ಎಣಿಸಿಯೂ ಇರಲಾರರು. ಹದಿನಾಲ್ಕು ಹದಿನೈದು ವರ್ಷ ತಪ್ಪದೆ ಬರೆದರು, ಅಷ್ಟೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೊಳೆಯ ದಡದ ಊರಿನವರು ಬಹುಮಂದಿ ಇದ್ದಾರೆ. ತಮ್ಮೂರ ಬೆಸ್ತರ ಬುಟ್ಟಿಯಲ್ಲಿ ಯಾವ ಯಾವ ಮೀನು, ಯಾವ ತಿಂಗಳಲ್ಲಿ, ಎಷ್ಟು ದೊಡ್ಡದು ಬರುತ್ತದೆಂದು ಒಂದು ನೋಟುಪುಸ್ತಕದಲ್ಲಿ ಬರೆಯಲು ಅವರಿಗೆ ಯಾವ ಉಪಕರಣವೂ ಬೇಡ. ಒಂದೊಂದು ಜಾತಿಗೂ ಒಂದೊಂದು ಅಂಕಣವನ್ನು ಬೇರೆಯಾಗಿ ಎಳೆಯುವುದನ್ನು ಮಾತ್ರ ಅವರು ಮರೆಯಬಾರದು.