ಅಶ್ಲೀಲವಿಚಾರ: ಅಲಂಕಾರಶಾಸ್ತ್ರದಲ್ಲಿಯೂ ನ್ಯಾಯಸ್ಥಾನದಲ್ಲಿಯೂ

ಅಶ್ಲೀಲವೆಂಬ ಶಬ್ದವು ಈಗ ಎರಡು ಶಾಸ್ತ್ರಗಳ ಪರಿಭಾಷೆಯಾಗಿರುವುದು. ಆಲಂಕಾರಿಕರು ಅದರಿಂದ ಒಂದು ಕಾವ್ಯದೋಷವನ್ನು ಹೇಳಿದರು; ಕನ್ನಡದಲ್ಲಿ ದಂಡಶಾಸನವನ್ನು ವಿವರಿಸುವವರು ಅದೇ ಶಬ್ದದಿಂದ ಒಂದು ಅಪರಾಧವನ್ನು ಹೇಳುತ್ತಾರೆ. ಶಬ್ದವು ಒಂದೇ ಆದರೂ ಅರ್ಥವು ಒಂದೇ ಅಲ್ಲವೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ವ್ರೀಡೆ, ಜುಗುಪ್ಸೆ, ಅಮಂಗಳ ಇವುಗಳನ್ನು ವ್ಯಂಜಿಸುವುದರಿಂದ ಅಶ್ಲೀಲವು ಮೂರು ವಿಧವೆಂದು ಮಮ್ಮಟನ ಮತ. ಈ ದೋಷವು ನಿತ್ಯವಲ್ಲ. ಶೃಂಗಾರಗೋಷ್ಠಿಯಲ್ಲಿ ವ್ರೀಡಾಕರವಾದ ಮಾತೂ, ವೈರಾಗ್ಯವನ್ನು ಬೋಧಿಸುವಾಗ ಜುಗುಪ್ಸಾಕರವಾದ ಮಾತೂ ಗುಣವೇ ಆಗುವುದೆಂದು ಅವನೇ ಒಪ್ಪಿರುವನು. ದೋಷವಾದಲ್ಲಿಯೂ ಅದರ ಫಲವು ರಸಭಂಗ, ಹೆಚ್ಚೆಂದರೆ ಕವಿಗೆ ಅಪಯಶಸ್ಸು, ಸೆರೆಮನೆಯಲ್ಲ.

ನ್ಯಾಯಸ್ಥಾನದ ನಿಕಷವು ಬೇರೆ. 1868ರಲ್ಲಿ ಇಂಗ್ಲೆಂಡಿನ ಹಿಕ್ಲಿನ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಕಾಕ್‌ಬರ್ನನು, ಗ್ರಂಥವು ಯಾರ ಕೈಗೆ ಬೀಳಬಹುದೋ ಅವರೊಳಗೆ ದುಷ್ಪ್ರಭಾವಕ್ಕೆ ಸುಲಭವಾಗಿ ಒಳಗಾಗತಕ್ಕವರ ಮನಸ್ಸನ್ನು ಕೆಡಿಸುವ ಪ್ರವೃತ್ತಿ ಅದಕ್ಕುಂಟೇ ಎಂದು ನೋಡಬೇಕೆಂದನು. ನಮ್ಮಲ್ಲಿ ಸಹೃದಯನು ಪ್ರಮಾಣ. ಅಲ್ಲಿ ದುರ್ಬಲಚಿತ್ತನು ಪ್ರಮಾಣ! 1964ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ರಂಜಿತ್ ಉದೇಶಿ ಮೊಕದ್ದಮೆಯಲ್ಲಿ ಇದೇ ನಿಕಷವನ್ನು ಹಿಡಿದು, ಲಾರೆನ್ಸನ 'ಲೇಡಿ ಚಾಟರ್ಲೀಸ್ ಲವರ್' ಕಾದಂಬರಿಯನ್ನು ಮಾರಿದ ಮುಂಬಯಿಯ ಪುಸ್ತಕವ್ಯಾಪಾರಿಗೆ ಆದ ಶಿಕ್ಷೆಯನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನ ಪಂಚರು ಅದೇ ಗ್ರಂಥದ ಪ್ರಕಾಶಕರನ್ನು 1960ರಲ್ಲಿಯೇ ನಿರ್ದೋಷಿಗಳೆಂದಿದ್ದರು.

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು, ಅಶ್ಲೀಲವನ್ನು ಮರೆಮಾಡುವಷ್ಟು ಕಲೆಯು ಪ್ರಬಲವಾಗಿರಬೇಕೆಂದು ಹೇಳಿರುತ್ತಾರೆ. ಆನಂದವರ್ಧನನನ್ನು ಓದಿದವರಿಗೆ ಇದು ಪರಿಚಿತವಾದ ಮಾತು. ಉತ್ತಮದೇವತೆಗಳ ಸಂಭೋಗವರ್ಣನೆಯು ಅನುಚಿತವಾದರೂ ಕುಮಾರಸಂಭವದಲ್ಲಿ ಕವಿಶಕ್ತಿಯಿಂದ ಆ ದೋಷವು ಮುಚ್ಚಿಹೋಗುವುದೆಂದು ಅವನು ಹೇಳಿಲ್ಲವೇ? ಆದರೆ ಮುಚ್ಚಿತೋ ಇಲ್ಲವೋ ಎಂದು ಹೇಳತಕ್ಕವರು ಯಾರು? ಮುಲ್ಕ್ ರಾಜ್ ಆನಂದ್ ಅವರು ಗ್ರಂಥದ ಪರವಾಗಿ ಸಾಕ್ಷ್ಯ ನುಡಿದಿದ್ದರೂ, ಅದು ನ್ಯಾಯಾಲಯವೇ ನಿರ್ಣಯಿಸಬೇಕಾದ ವಿಷಯವೆಂದಾಯಿತು.

ಇದಕ್ಕಿಂತ ಬೋಧಪ್ರದವಾದುದು ಸಮರೇಶ ಬಸು ಅವರ 'ಪ್ರಜಾಪತಿ' ಎಂಬ ಬಂಗಾಳಿ ಕಾದಂಬರಿಯ ಮೊಕದ್ದಮೆ. ಪುಂಡನೊಬ್ಬನು ತನ್ನ ಕಥೆಯನ್ನು ತನ್ನದೇ ಒರಟು ಮಾತಿನಲ್ಲಿ ಹೇಳುವ ಈ ಕೃತಿಯು 1967ರಲ್ಲಿ 'ದೇಶ್' ಪತ್ರಿಕೆಯ ಶಾರದೀಯ ಸಂಚಿಕೆಯಲ್ಲಿ ಅಚ್ಚಾಯಿತು. ಕವಿ ಬುದ್ಧದೇವ ಬಸು ಅವರು ಲೇಖಕರ ಪರವಾಗಿ ಸಾಕ್ಷ್ಯ ಹೇಳಿದರೂ ಕೆಳಗಿನ ನ್ಯಾಯಾಲಯಗಳಲ್ಲಿ ಶಿಕ್ಷೆಯೇ ಸ್ಥಿರವಾಯಿತು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿ ಎರಡು ಮುಖ್ಯ ಅಂಶಗಳನ್ನು ಹೇಳಿತು. ನ್ಯಾಯಾಧೀಶನು ಮೊದಲು ಗ್ರಂಥಕರ್ತನ ಸ್ಥಾನದಲ್ಲಿ ನಿಂತು ಅವನ ವಿವಕ್ಷೆಯನ್ನು ಗ್ರಹಿಸಿ, ಬಳಿಕ ಎಲ್ಲ ವಯಸ್ಸಿನ ವಾಚಕರ ಸ್ಥಾನದಲ್ಲಿ ನಿಲ್ಲಬೇಕು. ಬೇಕಾದರೆ ಸಾಹಿತ್ಯಜ್ಞರ ಅಭಿಪ್ರಾಯದ ನೆರವನ್ನೂ ಪಡೆಯಬಹುದು. ಸಹೃದಯನಿಗೆ ನ್ಯಾಯಸ್ಥಾನದಲ್ಲಿ ಆಸನ ದೊರೆತುದು ಹೀಗೆ. ಎರಡನೆಯದಾಗಿ, ಅಸಹ್ಯವನ್ನೂ ಬೇಸರವನ್ನೂ ಹುಟ್ಟಿಸುವ ಗ್ರಾಮ್ಯತೆಯು ಓದುಗನ ಶೀಲವನ್ನು ಕೆಡಿಸದ ಕಾರಣ ದಂಡ್ಯವಾದ ಅಶ್ಲೀಲವಲ್ಲ.

ಇಲ್ಲಿಯೇ ಎರಡು ಶಾಸ್ತ್ರಗಳು ಅಗಲುವುದು. ಮಮ್ಮಟನಿಗೆ ಜುಗುಪ್ಸೆಯೂ ಅಶ್ಲೀಲದ ಪ್ರಭೇದ. ನ್ಯಾಯಾಲಯವು ಅದನ್ನು ಹೊರಗಿಟ್ಟಿತು. ಅಮಂಗಳಕ್ಕಂತೂ ದಂಡಶಾಸನದ ಅಶ್ಲೀಲದಲ್ಲಿ ಸ್ಥಾನವೇ ಇಲ್ಲ. ಉಳಿದ ವ್ರೀಡೆಯೂ ಕಾಮೋದ್ದೀಪಕವಾದಾಗ ಮಾತ್ರ ಗಣನೆಗೆ ಬರುವುದು. ಆದುದರಿಂದ ಕಾವ್ಯಪ್ರಕಾಶದ ಲಕ್ಷಣವನ್ನು ಮುಂದಿಟ್ಟು ಒಂದು ಕೃತಿಯನ್ನು ದಂಡಾರ್ಹವೆನ್ನುವುದು ಯುಕ್ತವಲ್ಲ. ತೀರ್ಪಿನಲ್ಲಿ ಗೆದ್ದ ಕೃತಿಯು ನಿರ್ದುಷ್ಟವೆನ್ನುವುದೂ ಅಷ್ಟೇ ಅಯುಕ್ತ.

2014ರಲ್ಲಿ, ಒಂದು ಛಾಯಾಚಿತ್ರದ ಪ್ರಸಂಗದಲ್ಲಿ, ಸರ್ವೋಚ್ಚ ನ್ಯಾಯಾಲಯವು ಹಿಕ್ಲಿನ್ ನಿಕಷವನ್ನು ಬಿಟ್ಟು ಸಮಕಾಲೀನ ಸಮಾಜದ ಮಾನವನ್ನು ಸ್ವೀಕರಿಸಿತು. ಭಗಿನೀ, ಭಗವತೀ ಎಂಬ ಶಬ್ದಗಳು ಎಲ್ಲೆಡೆಯೂ ಸಮ್ಮತವೆಂದ ದಂಡಿಗೆ ಇದು ಹೊಸದೆನಿಸುತ್ತಿರಲಿಲ್ಲ. ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಸಮರ್ಥನೀಯವಾದ ಪ್ರಕಟಣೆಗೆ 1969ರ ತಿದ್ದುಪಡಿಯು ವಿನಾಯಿತಿಯನ್ನು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮಿನಲ್ಲಿಯೂ ಅದು ಉಳಿದಿರುವುದು.