ಹವ್ಯಾಸಿ ವನ್ಯಜೀವಿ ಚಿತ್ರಕಾರರು: ಬೆಲೆ, ತೆರಿಗೆ ಮತ್ತು ಕೃತಿಸ್ವಾಮ್ಯ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪ್ರದೇಶವು ಅದಿರು, ಭತ್ತ, ಕಬ್ಬು ಹಾಗೂ ಪ್ರವಾಸೋದ್ಯಮಕ್ಕೆ ಹೆಸರಾಗಿರುವಂತೆ ವನ್ಯಜೀವಿ ಸಂಪತ್ತಿಗೂ ಹೆಸರಾಗಿದೆ. ಕಮಲಾಪುರದ ಸಮೀಪ 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮವಿದೆ. ತುಂಗಭದ್ರಾ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹರಿವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮವು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಂಪಿಯ ಬಂಡೆಗುಡ್ಡಗಳಲ್ಲಿ ಕಾಣಸಿಗುವ ಹಳದಿ ಕೊರಳಿನ ಪಿಕಳಾರವನ್ನು ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಇಂತಹ ನೆಲದಲ್ಲಿ ಕರಡಿ, ನೀರುನಾಯಿ, ಹಕ್ಕಿಗಳನ್ನು ಬಿಡುವಿನ ವೇಳೆಯಲ್ಲಿ ಚಿತ್ರಿಸುವ ಹವ್ಯಾಸಿಗಳು ಹುಟ್ಟಿಕೊಳ್ಳುವುದು ಸಹಜ.

ಹವ್ಯಾಸಿಯ ಕೈಯಿಂದಲೂ ಗಂಭೀರವಾದ ಕೆಲಸ ಆಗಬಲ್ಲದೆಂಬುದಕ್ಕೆ ಸಂಡೂರೇ ನಿದರ್ಶನ. ಸಂಡೂರು ರಾಜಮನೆತನದ ದಿವಂಗತ ಎಂ.ವೈ. ಘೋರ್ಪಡೆಯವರು (1931–2011) ದೇವರಾಜ ಅರಸು ಅವರ ಸಂಪುಟದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರ ಮಾಧ್ಯಮ ಕುಂಚವಲ್ಲ, ಕ್ಯಾಮೆರಾ. ಆದರೂ ವನ್ಯಜೀವಿ ಛಾಯಾಗ್ರಹಣದಲ್ಲಿ ಅವರು ಅಂತರರಾಷ್ಟ್ರೀಯ ಮನ್ನಣೆ ಗಳಿಸಿದರು. 1983ರಲ್ಲಿ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಗ್ರಂಥ ಪ್ರಕಟವಾಯಿತು. ರಾಜ್ಯದ ಆಯವ್ಯಯ ನೋಡಿಕೊಂಡವರಿಗೂ ಕಾಡಿನ ಚಿತ್ರಕ್ಕೆ ಸಮಯ ದೊರೆಯಿತೆಂಬುದು ಹವ್ಯಾಸಿಗಳಿಗೆ ಉತ್ತೇಜನಕಾರಿ ಸಂಗತಿ.

ಮಾರಾಟದ ಅವಕಾಶಗಳೂ ಈಗ ಹೆಚ್ಚಿವೆ. ಹಂಪಿ ಉತ್ಸವದ ಮಳಿಗೆಗಳು, ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹ, ಶಾಲಾ ಕಾಲೇಜುಗಳ ಪ್ರದರ್ಶನಗಳು, ಸಂಘ ಸಂಸ್ಥೆಗಳ ವಾರ್ಷಿಕೋತ್ಸವಗಳು ಸ್ಥಳೀಯವಾಗಿ ಲಭ್ಯವಿವೆ. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಡೆಸುತ್ತ ಬಂದಿರುವ ‘ಚಿತ್ರಸಂತೆ’ಯಲ್ಲಿ ಕಲಾವಿದರು ಕುಮಾರಕೃಪಾ ರಸ್ತೆಯ ಬದಿಯಲ್ಲೇ ಕುಳಿತು ನೇರವಾಗಿ ಜನರಿಗೆ ಮಾರುತ್ತಾರೆ.

ಆದರೆ ಮಾರಾಟದ ವಿಷಯ ಬಂದೊಡನೆ ಹವ್ಯಾಸಿಗಳಲ್ಲಿ ಎರಡು ತಪ್ಪು ಭಾವನೆಗಳು ಕಂಡುಬರುತ್ತವೆ. ಹವ್ಯಾಸಕ್ಕೆ ಲೆಕ್ಕವೇಕೆಂಬ ಉದಾಸೀನ ಒಂದು. ಬಿಲ್ಲು ಕೊಟ್ಟರೆ ತೆರಿಗೆಯ ತೊಡಕು ಹತ್ತಿಕೊಳ್ಳುತ್ತದೆಂಬ ಅಂಜಿಕೆ ಇನ್ನೊಂದು. ವಾಸ್ತವದಲ್ಲಿ ಸಣ್ಣ ಮಾರಾಟಗಾರನ ಮಟ್ಟಿಗೆ ಕಾನೂನು ಬಹುಮಟ್ಟಿಗೆ ಉದಾರವಾಗಿಯೇ ಇದೆ. ಆ ಔದಾರ್ಯದ ಪ್ರಯೋಜನ ಮಾತ್ರ ಕಾಗದ ಇಟ್ಟುಕೊಂಡವರಿಗೇ ದೊರೆಯುತ್ತದೆ. ಈ ಸಂಗತಿಯನ್ನು ಬಿಡಿಸಿ ಹೇಳುವುದೇ ಪ್ರಸ್ತುತ ಲೇಖನದ ಉದ್ದೇಶ. ಚಿತ್ರ ಕೊಳ್ಳುವ ಹೋಟೆಲು, ಅಂಗಡಿ, ಕಾರ್ಖಾನೆಗಳ ಮಾಲೀಕರಾದ ನಮ್ಮ ಸದಸ್ಯ ಬಾಂಧವರಿಗೂ ಇದರಲ್ಲಿ ತಿಳಿಯಬೇಕಾದ ಅಂಶಗಳಿವೆ.

1. ಬೆಲೆ ನಿಗದಿ

ಬಹುತೇಕ ಹವ್ಯಾಸಿಗಳು ಕಾಗದ ಮತ್ತು ಬಣ್ಣದ ಖರ್ಚನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಹೇಳುತ್ತಾರೆ. ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸೋಣ. ನೀರುನಾಯಿಯ ಒಂದು ಜಲವರ್ಣ ಚಿತ್ರಕ್ಕೆ ಕಾಗದ, ಬಣ್ಣ ಸೇರಿ ರೂ. 300, ಚೌಕಟ್ಟು ಮತ್ತು ಗಾಜಿಗೆ ರೂ. 950, ಒಟ್ಟು ರೂ. 1,250 ತಗಲುತ್ತದೆ ಎಂದಿಟ್ಟುಕೊಳ್ಳಿ. ಮೂರು ದಿನದ ಪ್ರದರ್ಶನಕ್ಕೆ ಮಳಿಗೆ, ವಾಹನ, ಊಟ ಸೇರಿ ರೂ. 3,000 ಖರ್ಚು. ಚಿತ್ರದ ಬೆಲೆ ರೂ. 2,000. ಪ್ರತಿ ಮಾರಾಟದಿಂದ ಉಳಿಯುವ ಮೊತ್ತ ರೂ. 750. ಹೀಗಾಗಿ ನಾಲ್ಕು ಚಿತ್ರ ಮಾರಿದಾಗ ಪ್ರದರ್ಶನದ ಖರ್ಚು ಸರಿಹೋಗುತ್ತದೆ. ಆರು ಮಾರಿದರೆ ಒಟ್ಟು ರೂ. 1,500 ಲಾಭ, ಮೂರೇ ಮಾರಿದರೆ ರೂ. 750 ನಷ್ಟ.

ಆರು ಮಾರಿದ ಸಂದರ್ಭದಲ್ಲಿಯೂ ಒಂದು ಚಿತ್ರಕ್ಕೆ ಉಳಿದದ್ದು ರೂ. 250 ಮಾತ್ರ. ಆ ಚಿತ್ರಕ್ಕೆ 20 ಗಂಟೆ ದುಡಿದಿದ್ದರೆ ಗಂಟೆಗೆ ಹನ್ನೆರಡೂವರೆ ರೂಪಾಯಿ ದಕ್ಕಿದಂತಾಯಿತು. ಹವ್ಯಾಸಿಗೆ ಇದು ಒಪ್ಪಿಗೆಯಾಗಬಹುದು. ಆದರೆ ಪಕ್ಕದ ಮಳಿಗೆಯಲ್ಲಿ ಚಿತ್ರದಿಂದಲೇ ಬದುಕುವ ಕಲಾವಿದನ ಹೊಟ್ಟೆಯ ಮೇಲೆ ಈ ಬೆಲೆ ಹೊಡೆಯುತ್ತದೆಂಬುದನ್ನು ಮರೆಯಬಾರದು. ಆದಕಾರಣ ಸಾಮಗ್ರಿ, ಪ್ರದರ್ಶನದ ಖರ್ಚಿನ ಪಾಲು, ದುಡಿಮೆಯ ವೇಳೆ, ಈ ಮೂರನ್ನೂ ಲೆಕ್ಕ ಹಾಕಿಯೇ ಬೆಲೆ ನಿಗದಿಪಡಿಸತಕ್ಕದ್ದು. ಎಷ್ಟು ಚಿತ್ರ ಮಾರಾಟವಾಗಬಹುದೆಂಬ ಅಂದಾಜನ್ನು ಹಿಂದಿನ ಪ್ರದರ್ಶನಗಳ ಲೆಕ್ಕದಿಂದಲೇ ಮಾಡಬೇಕು, ಉತ್ಸಾಹದಿಂದ ಮಾಡಬಾರದು.

2. ಆದಾಯ ತೆರಿಗೆ

ಮನೆಯ ಗೋಡೆಯ ಮೇಲಿದ್ದ ಚಿತ್ರವೊಂದನ್ನು ಅಪರೂಪಕ್ಕೆ ಮಾರುವುದು ಬೇರೆ. ಮಾರುವ ಉದ್ದೇಶದಿಂದಲೇ ಬರೆದು ವರ್ಷಕ್ಕೆ ನಾಲ್ಕಾರು ಪ್ರದರ್ಶನಗಳಲ್ಲಿ ಇಡುವುದು ಬೇರೆ. ಎರಡನೆಯದರ ಲಾಭ ಸಾಮಾನ್ಯವಾಗಿ ‘ವ್ಯಾಪಾರ ಅಥವಾ ವೃತ್ತಿಯ ಆದಾಯ’ ಎಂಬ ಶೀರ್ಷಿಕೆಗೆ ಸೇರುತ್ತದೆ. ತಾನು ಹವ್ಯಾಸಿ ಎಂದು ಹೇಳಿಕೊಂಡ ಮಾತ್ರಕ್ಕೆ ವಿನಾಯಿತಿ ಇಲ್ಲ. ಮಾರಾಟದ ಮೊತ್ತದಲ್ಲಿ ಸಾಮಗ್ರಿ, ಚೌಕಟ್ಟು, ಮಳಿಗೆ ಬಾಡಿಗೆ, ಪ್ರಯಾಣ ವೆಚ್ಚಗಳನ್ನು ಕಳೆದು ಉಳಿದದ್ದಕ್ಕೆ ತೆರಿಗೆಯ ವಿಚಾರ. ಸ್ವಂತ ದುಡಿಮೆಯ ಮೌಲ್ಯವನ್ನು ಬೆಲೆಗೆ ಸೇರಿಸಬಹುದೇ ಹೊರತು ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ಕಳೆಯುವಂತಿಲ್ಲ. ಮಾರಾಟವಾಗದೆ ಉಳಿದ ಚಿತ್ರಗಳ ಸಾಮಗ್ರಿ ವೆಚ್ಚವು ಆಖೈರು ಸರಕಾಗಿ ಮುಂದಿನ ವರ್ಷಕ್ಕೆ ಹೋಗುತ್ತದೆ.

ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಆರ್ಥಿಕ ವರ್ಷದಿಂದ ನಿವಾಸಿ ವ್ಯಕ್ತಿಯ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯದ ಮೇಲೆ ರಿಯಾಯಿತಿಯ ಕಾರಣ ತೆರಿಗೆ ಬೀಳುವುದಿಲ್ಲ. ಆದುದರಿಂದ ಅನೇಕರಿಗೆ ಕಟ್ಟಬೇಕಾದ ತೆರಿಗೆ ಶೂನ್ಯವೇ ಆಗಬಹುದು. ಆದರೆ ಸಂಬಳದಾರರು ಎರಡು ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದಾಗಿ, ವ್ಯಾಪಾರದ ಆದಾಯ ಇದ್ದವರು ‘ಸಹಜ್’ ನಮೂನೆಯಲ್ಲಿ ವಿವರಪಟ್ಟಿ ಸಲ್ಲಿಸುವಂತಿಲ್ಲ. ಎರಡನೆಯದಾಗಿ, ಸಂಬಳ ಮಾತ್ರ ಇರುವವರು ಹಳೆಯ ಮತ್ತು ಹೊಸ ಪದ್ಧತಿಗಳ ನಡುವೆ ಪ್ರತಿ ವರ್ಷವೂ ಆಯ್ಕೆ ಮಾಡಬಹುದು. ವ್ಯಾಪಾರದ ಆದಾಯ ಸೇರಿದೊಡನೆ ಈ ಸ್ವಾತಂತ್ರ್ಯ ಮೊಟಕಾಗುತ್ತದೆ. ಹಳೆಯ ಪದ್ಧತಿಗೆ ಹೋದವರು ಹೊಸದಕ್ಕೆ ಹಿಂದಿರುಗಿದರೆ, ವ್ಯಾಪಾರದ ಆದಾಯ ಇರುವವರೆಗೆ ಮತ್ತೆ ಹಳೆಯದಕ್ಕೆ ಹೋಗಲಾರರು. ಗೃಹಸಾಲ ಮೊದಲಾದ ಕಾರಣಗಳಿಂದ ಹಳೆಯ ಪದ್ಧತಿಯನ್ನೇ ನೆಚ್ಚಿಕೊಂಡ ನೌಕರರು ನಾಲ್ಕು ಚಿತ್ರ ಮಾರುವ ಮುನ್ನ ಇದನ್ನು ತೂಗಿ ನೋಡಬೇಕು. ಚಿತ್ರ ಮಾರಾಟದ ನಷ್ಟವನ್ನು ಸಂಬಳದ ಎದುರು ಹೊಂದಿಸಲು ಅವಕಾಶವಿಲ್ಲ. ಸರ್ಕಾರಿ ನೌಕರರು ತಮ್ಮ ನಡತೆ ನಿಯಮಗಳ ಪ್ರಕಾರ ಇಲಾಖೆಯ ಪೂರ್ವಾನುಮತಿ ಅಗತ್ಯವೇ ಎಂಬುದನ್ನೂ ವಿಚಾರಿಸಿಕೊಳ್ಳುವುದು ಕ್ಷೇಮ.

ವನ್ಯಜೀವಿ ಸಂರಕ್ಷಣೆಗೆಂದು ಚಿತ್ರವನ್ನೇ ದಾನ ಮಾಡುವ ಸತ್ಸಂಪ್ರದಾಯವಿದೆ. ವಸ್ತುರೂಪದ ದಾನಕ್ಕೆ ಆದಾಯ ತೆರಿಗೆಯ ಕಡಿತ ದೊರೆಯದು. ಚಿತ್ರ ಮಾರಿ ಬಂದ ಹಣವನ್ನು ಅರ್ಹ ಸಂಸ್ಥೆಗೆ ಬ್ಯಾಂಕಿನ ಮೂಲಕ ನೀಡಿ ರಸೀದಿ ಪಡೆದರೆ ಹಳೆಯ ಪದ್ಧತಿಯವರಿಗೆ ಕಡಿತ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

3. ಸರಕು ಮತ್ತು ಸೇವಾ ತೆರಿಗೆ

ಸರಕುಗಳನ್ನು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಚಿತ್ರಕಲಾ ತರಗತಿ ನಡೆಸಿ ಶುಲ್ಕ ಪಡೆಯುವವರಿಗೆ ಸೇವೆಯೂ ಸೇರುವುದರಿಂದ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಹವ್ಯಾಸಿಗಳು ಈ ಮಿತಿಗಳ ಬಹಳ ಕೆಳಗಿರುತ್ತಾರೆ.

ಎಚ್ಚರ ವಹಿಸಬೇಕಾದವರು ನಮ್ಮ ಸದಸ್ಯರಲ್ಲೇ ಇರುವ ಚಿತ್ರಕಾರರು. ವಹಿವಾಟಿನ ಲೆಕ್ಕ ವ್ಯಕ್ತಿಯ ಪ್ಯಾನ್ ಸಂಖ್ಯೆಯನ್ನು ಅನುಸರಿಸುತ್ತದೆ. ಸ್ವಂತ ಹೆಸರಿನ ಅಂಗಡಿಗೆ ಈಗಾಗಲೇ ನೋಂದಣಿ ಪಡೆದ ವರ್ತಕರು ಭಾನುವಾರ ಬರೆದ ಕರಡಿಯ ಚಿತ್ರವನ್ನು ಮಾರಿದರೂ ಅದು ಅದೇ ವಹಿವಾಟಿಗೆ ಸೇರಿ ತೆರಿಗೆಗೆ ಒಳಪಡುತ್ತದೆ. ಪೂರ್ಣವಾಗಿ ಕೈಯಿಂದಲೇ ರಚಿಸಿದ ಚಿತ್ರಗಳ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲಿಗೆ ಶೇ. 5 ಆಗಿದೆ. ಯಂತ್ರದಲ್ಲಿ ಅಚ್ಚು ಹಾಕಿದ ಪ್ರತಿಗಳು ಈ ವರ್ಗಕ್ಕೆ ಸೇರುವುದಿಲ್ಲ.

ಹೈದರಾಬಾದು, ಗೋವಾ ಮೊದಲಾದ ಹೊರರಾಜ್ಯದ ಪ್ರದರ್ಶನಗಳಿಗೆ ಹೋಗುವವರಿಗೆ ಮಿತಿಯ ರಕ್ಷಣೆ ತಾನಾಗಿಯೇ ದೊರೆಯದು. ತಾತ್ಕಾಲಿಕ ನೋಂದಣಿಯ ಪ್ರಶ್ನೆ ಏಳುತ್ತದೆ. ಕರಕುಶಲ ವಸ್ತುಗಳಿಗೆ ಷರತ್ತುಬದ್ಧ ವಿನಾಯಿತಿ ಉಂಟು. ತಮ್ಮ ಚಿತ್ರ ಅದರ ವ್ಯಾಖ್ಯೆಗೆ ಒಳಪಡುವುದೇ ಎಂಬುದನ್ನು ಹೊರಡುವ ಮೊದಲೇ ಸಲಹೆಗಾರರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

2025ರ ಜುಲೈ ತಿಂಗಳಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದು ಎಲ್ಲರಿಗೂ ತಿಳಿದ ವಿಷಯ. ಮನೆಯ ಹಣ, ಸ್ನೇಹಿತರ ಕೈಸಾಲ, ಚಿತ್ರದ ಹಣ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತರೆ ಯಾವುದು ಮಾರಾಟ, ಯಾವುದಲ್ಲ ಎಂದು ವಿವರಿಸುವ ಹೊಣೆ ಖಾತೆದಾರನದೇ. ಚಿತ್ರದ ವ್ಯವಹಾರಕ್ಕೆ ಪ್ರತ್ಯೇಕ ಉಳಿತಾಯ ಖಾತೆ ಇಟ್ಟರೆ ಈ ತೊಂದರೆ ತಪ್ಪುತ್ತದೆ.

4. ಚಿತ್ರ ಬೇರೆ, ಚಿತ್ರದ ಹಕ್ಕು ಬೇರೆ

ಈ ಲೇಖನದಲ್ಲಿ ಅತಿ ಹೆಚ್ಚು ಹಣ ಅಡಗಿರುವುದು ಈ ವಿಭಾಗದಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರವನ್ನು ರಚಿಸಿದವನೇ ಅದರ ಮೊದಲ ಹಕ್ಕುದಾರ. ನೋಂದಣಿ ಕಡ್ಡಾಯವಲ್ಲ. ಈ ಹಕ್ಕು ಕಲಾವಿದನ ಜೀವಿತಾವಧಿ ಮತ್ತು ಆನಂತರ 60 ವರ್ಷ ಉಳಿಯುತ್ತದೆ. ಪ್ರದರ್ಶನದಲ್ಲಿ ಚಿತ್ರ ಕೊಂಡವರಿಗೆ ಆ ಹಾಳೆ ಅಥವಾ ಕ್ಯಾನ್ವಾಸು ಸೇರುತ್ತದೆ. ಅದನ್ನು ಮುದ್ರಿಸುವ ಹಕ್ಕು ಸೇರುವುದಿಲ್ಲ. ಹೋಟೆಲಿನವರು ದರೋಜಿಯ ಕರಡಿಯ ಚಿತ್ರ ಕೊಂಡು ಗೋಡೆಗೆ ತೂಗುಹಾಕಬಹುದು. ಅದನ್ನೇ ಕ್ಯಾಲೆಂಡರಿಗೆ, ಕೈಚೀಲಕ್ಕೆ, ಜಾಹೀರಾತಿಗೆ ಬಳಸಬೇಕಾದರೆ ಕಲಾವಿದನ ಲಿಖಿತ ಒಪ್ಪಿಗೆ ಬೇಕು.

ಹೇಳಿ ಬರೆಸಿದ ಚಿತ್ರದ ನಿಯಮ ಇದಕ್ಕೆ ವಿರುದ್ಧ. ಪ್ರತಿಫಲ ಕೊಟ್ಟು ಬೇಡಿಕೆಯ ಮೇರೆಗೆ ಬರೆಸಿದ ಚಿತ್ರದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವನೇ. ಐದು ಸಾವಿರ ರೂಪಾಯಿಗೆ ಬರೆದುಕೊಟ್ಟ ನೀರುನಾಯಿ ಮುಂದೆ ಸಾವಿರಾರು ಕೈಚೀಲಗಳ ಮೇಲೆ ಅಚ್ಚಾದರೂ ಆಗ ಕಲಾವಿದ ಕೇಳುವ ಹಾಗಿಲ್ಲ. ಆದ್ದರಿಂದ ಮುಂಗಡ ಪಡೆಯುವ ಮೊದಲೇ ಕೃತಿಸ್ವಾಮ್ಯ ಯಾರದು, ಮುದ್ರಣಕ್ಕೆ ಅನುಮತಿ ಎಷ್ಟು ಪ್ರತಿಗೆ, ಎಷ್ಟು ವರ್ಷಕ್ಕೆ ಎಂಬುದನ್ನು ಅರ್ಧ ಪುಟದ ಪತ್ರದಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ಅತ್ಯಗತ್ಯ. ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದು ಭಾವಿಸಲಾಗುತ್ತದೆ.

ಹವ್ಯಾಸಿಗಳೂ ಇತರರ ಹಕ್ಕನ್ನು ಗೌರವಿಸಬೇಕು. ಬೇರೆಯವರ ಛಾಯಾಚಿತ್ರವನ್ನು ಯಥಾವತ್ತಾಗಿ ಚಿತ್ರವಾಗಿಸಿ ಮಾರುವುದು ಆ ಛಾಯಾಗ್ರಾಹಕನ ಹಕ್ಕಿನ ಉಲ್ಲಂಘನೆಯಾಗಬಹುದು. ಸ್ವತಃ ಕಂಡು ಬರೆದ ರೇಖಾಚಿತ್ರಗಳ ಪುಸ್ತಕವನ್ನು ದಿನಾಂಕ ಸಹಿತ ಕಾಯ್ದಿಟ್ಟರೆ ಅದು ಕಲೆಗೂ ಕಾನೂನಿಗೂ ಆಧಾರ.

5. ಕುಂಚ, ಅಲಂಕಾರ ಮತ್ತು ಸ್ಥಳ

ವನ್ಯಜೀವಿಯನ್ನು ಚಿತ್ರಿಸುವ ಕುಂಚವೇ ವನ್ಯಜೀವಿಯ ಕೂದಲಿನದಾಗಿರಬಾರದು. ಮುಂಗುಸಿಯ ಕೂದಲಿನ ಕುಂಚಗಳ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳವು ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ಇದರ ವಿರುದ್ಧ ಕಾರ್ಯಾಚರಣೆ ನಡೆಸಿತು. ಕೃತಕ ಎಳೆಯ ಕುಂಚಗಳು ಸುಲಭವಾಗಿ ಸಿಗುತ್ತವೆ. ಚೌಕಟ್ಟಿನ ಅಲಂಕಾರಕ್ಕೆ ಜಿಂಕೆಯ ಕೊಂಬು ಮುಂತಾದ ಪ್ರಾಣಿಗಳ ಅಂಗಗಳನ್ನು ಬಳಸಬಾರದು.

ಹಂಪಿಯ ಸಂರಕ್ಷಿತ ಸ್ಮಾರಕದ ಆವರಣದೊಳಗೆ ಪುರಾತತ್ವ ಇಲಾಖೆಯ ಪರವಾನಗಿ ಇಲ್ಲದೆ ಏನನ್ನೂ ಮಾರುವಂತಿಲ್ಲ. ವಿದೇಶಿ ಪ್ರವಾಸಿಗಳು ಕೊಂಡಾಗ ಕಲಾವಿದನ ಹೆಸರು ಮತ್ತು ರಚನೆಯ ವರ್ಷವಿರುವ ಬಿಲ್ಲು ನೀಡಿದರೆ, ಅದು ಪ್ರಾಚೀನ ವಸ್ತುವಲ್ಲವೆಂದು ವಿಮಾನ ನಿಲ್ದಾಣದಲ್ಲಿ ತೋರಿಸಲು ಅವರಿಗೆ ನೆರವಾಗುತ್ತದೆ.

6. ಇಟ್ಟುಕೊಳ್ಳಬೇಕಾದ ದಾಖಲೆಗಳು

(ಅ) ಚಿತ್ರಗಳ ವಹಿ: ಕ್ರಮಸಂಖ್ಯೆ, ಶೀರ್ಷಿಕೆ, ಅಳತೆ, ಮುಗಿಸಿದ ದಿನ, ಸಾಮಗ್ರಿ ವೆಚ್ಚ, ಮಾರಿದ ದಿನ, ಬೆಲೆ.
(ಆ) ಕ್ರಮಸಂಖ್ಯೆಯುಳ್ಳ ಬಿಲ್ಲು ಪುಸ್ತಕ. ಬಿಲ್ಲಿನ ಕೆಳಗೆ ‘ಕೃತಿಸ್ವಾಮ್ಯ ಕಲಾವಿದರದು’ ಎಂಬ ಒಂದು ಸಾಲು.
(ಇ) ಮಾರಾಟಕ್ಕೆಂದು ಹೋಟೆಲು ಅಥವಾ ಅಂಗಡಿಯಲ್ಲಿ ಬಿಟ್ಟ ಚಿತ್ರಗಳ ಪಟ್ಟಿ, ಕಮಿಷನ್ ದರ, ಒಡೆದರೆ ಹೊಣೆ ಯಾರದೆಂಬ ಷರತ್ತು, ಪಡೆದವರ ಸಹಿ.
(ಈ) ಖರ್ಚಿನ ರಸೀದಿಗಳು ಮತ್ತು ಪ್ರತ್ಯೇಕ ಖಾತೆಯ ಪಾಸ್ ಪುಸ್ತಕ.
(ಉ) ಪ್ರತಿ ಚಿತ್ರದ ಒಂದು ಛಾಯಾಪ್ರತಿ.

ಇಷ್ಟಕ್ಕೆ ತಿಂಗಳಿಗೆ ಒಂದು ಗಂಟೆ ಸಾಕು. ಕೊಳ್ಳುವ ಸದಸ್ಯರೂ ಬಿಲ್ಲು ಕೇಳಿ ಪಡೆಯಬೇಕು. ಚಿತ್ರವನ್ನು ಮುಂದೆ ಲಾಭಕ್ಕೆ ಮಾರಿದಾಗ ಬಂಡವಾಳ ಲಾಭದ ತೆರಿಗೆ ಬರುತ್ತದೆ. ಪೀಠೋಪಕರಣಗಳಿಗಿರುವ ಸ್ವಂತ ಬಳಕೆಯ ವಿನಾಯಿತಿ ಚಿತ್ರಗಳಿಗಿಲ್ಲ. ಕೊಂಡ ಬೆಲೆಗೆ ಆಧಾರ ಆ ಬಿಲ್ಲೊಂದೇ.

ಪ್ರತಿಯೊಬ್ಬರ ಸಂಗತಿಗಳೂ ಭಿನ್ನವಾಗಿರುವುದರಿಂದ ಮೇಲಿನ ವಿವರಗಳನ್ನು ಸಾಮಾನ್ಯ ಮಾರ್ಗದರ್ಶನವೆಂದು ಭಾವಿಸಿ, ಅಗತ್ಯವಿದ್ದಲ್ಲಿ ತಮ್ಮ ಲೆಕ್ಕ ಪರಿಶೋಧಕರ ಸಲಹೆ ಪಡೆಯಬಹುದು. ನಮ್ಮ ಊರಿನ ಹೋಟೆಲುಗಳ ಗೋಡೆಗಳ ಮೇಲೆ ನಮ್ಮದೇ ನದಿಯ ನೀರುನಾಯಿ, ನಮ್ಮದೇ ಗುಡ್ಡದ ಕರಡಿ ಕಾಣಿಸುವಂತಾಗಲಿ. ಅದನ್ನು ಬರೆದವರಿಗೆ ನ್ಯಾಯವಾದ ಬೆಲೆಯೂ ಸಲ್ಲಲಿ.