ಹತ್ತು ದಿನಕ್ಕೊಂದು ಸಿನಿಮಾ

ಹತ್ತು ದಿನಕ್ಕೊಂದು ಸಿನಿಮಾ! ನೋಡಿದ ಲೆಕ್ಕವಲ್ಲ, ನಟಿಸಿದ ಲೆಕ್ಕ. ತಮಿಳರು ಅಕ್ಕರೆಯಿಂದ ‘ಆಚ್ಚಿ’ ಎಂದು ಕರೆದ ಹಾಸ್ಯನಟಿ ಮನೋರಮಾ, 1958ರಲ್ಲಿ ಕವಿ ಕಣ್ಣದಾಸನ್ ನಿರ್ಮಿಸಿದ ‘ಮಾಲೈಯಿಟ್ಟ ಮಂಗೈ’ ಚಿತ್ರದಿಂದ ತೆರೆಯ ಮೇಲೆ ಕಾಲೂರಿದರು. 1985ರ ಹೊತ್ತಿಗೆ ಸಾವಿರ ಚಿತ್ರ ದಾಟಿ ಗಿನ್ನೆಸ್ ದಾಖಲೆ ಸೇರಿದರು. 27 ವರ್ಷಕ್ಕೆ ಸಾವಿರ. ಭಾಗಿಸಿದರೆ ಹತ್ತು ದಿನಕ್ಕೆ ಒಂದು ಬೀಳುತ್ತದೆ. ಅಷ್ಟು ದಿನದಲ್ಲಿ ನಮ್ಮಲ್ಲಿ ಒಂದು ಮದುವೆಯ ಲಗ್ನಪತ್ರಿಕೆಯನ್ನೂ ಹಂಚಿ ಮುಗಿಸುವುದಿಲ್ಲ.

ದಾಖಲೆ ಆದ ಮೇಲೆ ಆಚ್ಚಿ ಸುಧಾರಿಸಿಕೊಂಡರು ಅನ್ನಬೇಕು. 2015ರಲ್ಲಿ, 78ನೇ ವಯಸ್ಸಿನಲ್ಲಿ ತೀರಿಕೊಳ್ಳುವಷ್ಟರಲ್ಲಿ ಎಣಿಕೆ ಸುಮಾರು 1500 ತಲುಪಿತ್ತು ಎನ್ನುತ್ತಾರೆ. ಅಂದರೆ ಕೊನೆಯ 30 ವರ್ಷದಲ್ಲಿ ಬರೀ 500. ಮೂರು ವಾರಕ್ಕೊಂದು. ಆರಾಮಿನ ಬದುಕು!

ಈ 1500 ಎಂಥ ಸಂಖ್ಯೆ? ನಮ್ಮ ರಾಜ್‌ಕುಮಾರ್ ನಾಲ್ಕೂವರೆ ದಶಕ ದುಡಿದು ಮಾಡಿದ ಚಿತ್ರಗಳು ಇನ್ನೂರಕ್ಕೆ ತುಸು ಹೆಚ್ಚು. ಆಚ್ಚಿಯ ಪಟ್ಟಿಯಲ್ಲಿ ಏಳು ರಾಜ್‌ಕುಮಾರ್ ಹಿಡಿಸುತ್ತಾರೆ. ನಾಯಕನ ಹೊರೆ ಬೇರೆ, ಹಾಸ್ಯನಟಿಯ ಹೊರೆ ಬೇರೆ, ಒಪ್ಪೋಣ. ದುಂಡು ಸಂಖ್ಯೆ ಎಂದು ನೂರು ಚಿತ್ರ ಕಳೆದೇಬಿಡೋಣ. ಆಗಲೂ ಆರಕ್ಕೆ ಮೋಸವಿಲ್ಲ. ಹುಟ್ಟಿದ ಮಗುವಿಗೆ ಪ್ರತಿ ಭಾನುವಾರ ಆಚ್ಚಿಯ ಒಂದು ಸಿನಿಮಾ ತೋರಿಸುತ್ತ ಬಂದರೆ, ಕೊನೆಯ ಚಿತ್ರದ ಹೊತ್ತಿಗೆ ಅದಕ್ಕೆ 28 ತುಂಬಿರುತ್ತದೆ.

ರೀಲು ಹಾಸಿ ನೋಡಿ. ಎರಡೂವರೆ ಗಂಟೆಯ ಒಂದು ಚಿತ್ರವೆಂದರೆ ಹದಿಮೂರು ಸಾವಿರ ಅಡಿಗೂ ಮೇಲೆ, ಅಂದರೆ ನಾಲ್ಕು ಕಿಲೋಮೀಟರ್ ಫಿಲ್ಮು. 1500 ಚಿತ್ರಕ್ಕೆ 6000 ಕಿಲೋಮೀಟರ್. ಭಾರತದ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 3214 ಕಿಲೋಮೀಟರ್. ಕನ್ಯಾಕುಮಾರಿ ಮುಟ್ಟಿಸಿ, ಅದೇ ದಾರಿಯಲ್ಲಿ ಹಿಂದಕ್ಕೆ ಹಾಸುತ್ತ ಬಂದರೆ ಫಿಲ್ಮು ಮುಗಿಯುವುದು ಜಮ್ಮು ದಾಟಿದ ಮೇಲೆ! ಪ್ರತಿ ಅಡಿಯಲ್ಲೂ ಆಕೆ ಇರುವುದಿಲ್ಲ, ನಿಜ. ಆದರೆ ‘ತಿಲ್ಲಾನಾ ಮೋಹನಾಂಬಾಳ್’ನ ಜಿಲ್ ಜಿಲ್ ರಮಾಮಣಿಯನ್ನು ನೋಡಿದವರು ಶಿವಾಜಿ, ಪದ್ಮಿನಿಯರ ಎದುರಿಗೂ ಅವಳನ್ನು ಮರೆತಿಲ್ಲ. ಅಳತೆಗೆ ಅಡಿಪಟ್ಟಿ ಸಾಲದ ಜಾಗ ಅದು.

ಇಷ್ಟೂ ಸಿನಿಮಾದ ಮಾತು. ಮಧ್ಯೆ ಹಾಡಿದ್ದಾರೆ, ಟಿವಿ ಧಾರಾವಾಹಿಗಳನ್ನು ಮಾಡಿದ್ದಾರೆ, ಹಿಂದಿಗೆ ಹೋಗಿ ಮೆಹಮೂದ್ ಜೊತೆ ‘ಕುಂವಾರಾ ಬಾಪ್’ ಮುಗಿಸಿ ಬಂದಿದ್ದಾರೆ. ಇದೆಲ್ಲಕ್ಕೂ ಮೊದಲು ‘ಪಳ್ಳತ್ತೂರು ಪಾಪಾ’ ಎಂಬ ಹೆಸರಿನಲ್ಲಿ ನಾಟಕದ ಹುಡುಗಿ. ರಂಗದ ಮೇಲಿನ ಪ್ರದರ್ಶನಗಳೇ 5000 ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಒಂದು ರಾತ್ರಿಯೂ ಬಿಡದೆ, ಹಬ್ಬ ಜ್ವರ ಯಾವುದನ್ನೂ ಎಣಿಸದೆ ಬಣ್ಣ ಹಚ್ಚಿದರೂ ಹದಿಮೂರೂವರೆ ವರ್ಷ ಬೇಕು!

ಇನ್ನು ಜೊತೆಗಾರರು. ಅಣ್ಣಾದುರೈ, ಕರುಣಾನಿಧಿ ಅವರೊಂದಿಗೆ ನಾಟಕದಲ್ಲಿ. ಎಂಜಿಆರ್, ಎನ್‌ಟಿಆರ್, ಜಯಲಲಿತಾ ಅವರೊಂದಿಗೆ ಸಿನಿಮಾದಲ್ಲಿ. ಐವರು ಸಹನಟರು, ಐವರೂ ಮುಖ್ಯಮಂತ್ರಿಗಳು! ಕರುಣಾನಿಧಿಯವರೊಬ್ಬರೇ ಐದು ಸಲ ಪ್ರಮಾಣವಚನ ತೆಗೆದುಕೊಂಡರು. ಜಯಲಲಿತಾ ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ, ಹಾಗಾಗಿ ಲೆಕ್ಕದಲ್ಲಿ ನಮ್ಮದೂ ಒಂದು ಪಾಲಿದೆ. ಈ ಐವರು ಆಳಿದ ತಮಿಳುನಾಡು ಮತ್ತು ಅವಿಭಜಿತ ಆಂಧ್ರದ ಜನಸಂಖ್ಯೆ 2011ರ ಜನಗಣತಿಯಲ್ಲಿ ಒಟ್ಟು 15 ಕೋಟಿ 60 ಲಕ್ಷಕ್ಕೂ ಹೆಚ್ಚು. ಎರಡೂವರೆ ಕರ್ನಾಟಕ. ಇಡೀ ರಷ್ಯಾಕ್ಕಿಂತ ಒಂದು ಕೋಟಿಗೂ ಜಾಸ್ತಿ.